ಅಕ್ಕನಿಗೆ ಕುಡಿಸಿದ ದಾಸವಾಳದ ಚಹಾ

ದಾಸವಾಳದ ತಂಪು ಚಹಾ ಮಾಡುವುದು ಬಹಳ ಸುಲಭ. ಇಷ್ಟೆಲ್ಲ ಆದಮೇಲೂ ಈ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೂವು ಬೇಕು, ಬಿಸಿನೀರು ಬೇಕು, ಸಕ್ಕರೆ ಬೇಕು, ಬರ್ಫ ಬೇಕು. ಇದರಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ. ಜಾಗ ಇಲ್ಲದ ಕಡೆಯೂ ಒಬ್ಬ ಮನುಷ್ಯ ಎಷ್ಟು ತಪ್ಪು ಮಾಡಬಹುದು ಎಂಬುದಕ್ಕೆ ನಾನೇ ಸಾಕ್ಷಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಬಂಕಾಪುರದಲ್ಲಿ ಸ್ವಂತ ಮನೆ, ಮನೆಯ ಮುಂದೆ ಮೈತುಂಬ ಹೂಬಿಡುವ ಒಂದು ದಾಸವಾಳದ ಗಿಡ. ಹೋದ ಬೇಸಿಗೆಯಲ್ಲಿ ಡಾಕ್ಟರು ನನ್ನ ಬಿ.ಪಿ. ನೋಡಿ, "ಸರ, ಚಾ ಕಡಿಮಿ ಮಾಡ್ರಿ," ಎಂದರು. ಚಾ ಬಿಟ್ಟರೆ ಏನು ಕುಡಿಯಬೇಕೆಂದು ಅವರು ಹೇಳಲಿಲ್ಲ. ಅದನ್ನು ನಾನೇ ಮೊಬೈಲಿನಲ್ಲಿ ಹುಡುಕಿದೆ. ಅಲ್ಲೊಬ್ಬಳು ಹೆಣ್ಣುಮಗಳು ಗಾಜಿನ ಗ್ಲಾಸಿನಲ್ಲಿ ಮಾಣಿಕ್ಯದ ಬಣ್ಣದ ತಂಪು ಚಹಾ ಹಿಡಿದುಕೊಂಡು ನಗುತ್ತ ನಿಂತಿದ್ದಳು. ದಾಸವಾಳದ್ದಂತೆ. ಬಿ.ಪಿ.ಗೂ ಒಳ್ಳೆಯದಂತೆ. ನಾನು ಹೆಂಡತಿ ಸುಮಿತ್ರಾಳನ್ನು ಕರೆದು ತೋರಿಸಿದೆ.

"ದೇವರಿಗೆ ಏರಿಸೋ ಹೂವು ಕುದಿಸಿ ಕುಡೀತೀರೇನು?" ಎಂದಳು.

"ದೇವರಿಗೆ ಎರಡು ಬಿಡ್ತೇನಿ."

"ಬಾಳ ಉಪಕಾರ ಆತು. ಏನರ ಮಾಡ್ಕೋರಿ, ಮನ್ಯಾಗ ಮಂದಿ ಬಂದಾಗಷ್ಟ ಮಾಡಬ್ಯಾಡ್ರಿ."

ಮರುದಿನವೇ ಚಿಕ್ಕೇರೂರಿನಿಂದ ಗಂಗಕ್ಕನ ಫೋನು ಬಂತು. ಗಂಗಕ್ಕ ನನ್ನ ಒಬ್ಬಳೇ ಅಕ್ಕ. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ನನಗೆ ಕಲಿಸಿದವಳು. ಅವಳು ನಮ್ಮ ಮನೆಯ ಮೆಟ್ಟಿಲು ಹತ್ತಿ ಎಷ್ಟೋ ವರ್ಷಗಳಾಗಿದ್ದವು. ಕಾರಣ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಮನೆಯ ವಾಸ್ತುಶಾಂತಿಯ ದಿನ ಬಂದ ಹೆಣ್ಣುಮಕ್ಕಳಿಗೆಲ್ಲ ಕುಪ್ಪಸದ ಖಣ ಕೊಟ್ಟೆವು. ಟ್ರಂಕಿನಿಂದ ಖಣ ತೆಗೆದು ಹೆಂಡತಿಯ ಕೈಗೆ ಕೊಡುತ್ತಿದ್ದವನು ನಾನು. ಅಕ್ಕನ ಉಡಿಗೆ ಬಿದ್ದ ಖಣ, ಹಿಂದಿನ ವರ್ಷ ಅಕ್ಕನೇ ನಮಗೆ ತಂದುಕೊಟ್ಟದ್ದಾಗಿತ್ತು. ಅವಳು ಅದನ್ನು ತಿರುವಿ ನೋಡಿದಳು, ಮಡಚಿ ಚೀಲದಲ್ಲಿ ಇಟ್ಟುಕೊಂಡಳು, ಊಟ ಮಾಡಿ ಹೋದಳು. ಒಂದು ಮಾತೂ ಅನ್ನಲಿಲ್ಲ. ಮತ್ತೆ ಬರಲೂ ಇಲ್ಲ.

ಅಂಥ ಅಕ್ಕ ಈಗ ತಾನಾಗಿಯೇ ಹೇಳುತ್ತಿದ್ದಳು: "ನಾಳೆ ಶಿಗ್ಗಾವಿಯೊಳಗ ನಿಮ್ಮ ಮಾಮಾಗ ಹಲ್ಲಿನ ಸೆಟ್ ಕೊಡ್ತಾರ. ತಿರುಗಿ ಬರೂವಾಗ ನಿಮ್ಮ ಕಡೆ ಒಂದೀಟು ಕುಂತು ಹೋಗ್ತೇವಿ."

ಮಾಮಾ ಎಂದರೆ ಅಕ್ಕನ ಗಂಡ. ಈ ಸಲ ಅಕ್ಕನಿಗೆ ಎಲ್ಲೂ ಸಿಗದಂಥ ಸತ್ಕಾರ ಮಾಡಬೇಕೆಂದು ಆ ಕ್ಷಣವೇ ನಿರ್ಧರಿಸಿದೆ. ಆ ಸತ್ಕಾರ ಅವಳಿಗೆ ನಿಜಕ್ಕೂ ಎಲ್ಲೂ ಸಿಗುವುದಿಲ್ಲ.

ಮರುದಿನ ಬೆಳಿಗ್ಗೆ ಹೂವೆಲ್ಲ ಕಿತ್ತೆ. ಕುಡಿಯುವ ನೀರಿನ ಕ್ಯಾನು ಖಾಲಿಯಿತ್ತು. ಅದನ್ನು ತುಂಬಿಸಿಕೊಂಡು ಬರುವ ಕೆಲಸ ನನ್ನದೇ, ಮರೆತಿದ್ದೆ. ಕುದಿಸಿದ ಮೇಲೆ ಎಲ್ಲ ನೀರೂ ಒಂದೇ ಎಂದುಕೊಂಡು ಬೋರಿನ ನೀರು ಹಿಡಿದೆ. ನಮ್ಮ ಬೋರಿನದು ಸವಳು, ಅಂದರೆ ಕ್ಷಾರ ತುಂಬಿದ ನೀರು. ಬೇಳೆ ಸಹ ಬೇಯುವುದಿಲ್ಲ. ಅದನ್ನು ಕುದಿಸಿ ದಾಸವಾಳದ ಎಸಳು ಹಾಕಿ ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ತೆಗೆದರೆ ಒಳಗೆ ಮಾಣಿಕ್ಯ ಇರಲಿಲ್ಲ. ನೀಲಿ ಶಾಯಿ ಇತ್ತು.

ಬೇರೆ ಯಾರಾದರೂ ಆಗಿದ್ದರೆ ಅದನ್ನು ಮೋರಿಗೆ ಚೆಲ್ಲಿ ಸುಮ್ಮನಾಗುತ್ತಿದ್ದರು. ನನಗೆ ಮಾತ್ರ ಸಂತೋಷವಾಯಿತು. ಯಾಕೆಂದರೆ ಇದು ನಾನು ವರ್ಷ ವರ್ಷವೂ ಕಲಿಸುತ್ತಿದ್ದ ಪಾಠ. ದಾಸವಾಳದ ಬಣ್ಣ ಕ್ಷಾರದಲ್ಲಿ ನೀಲಿ-ಹಸಿರಿಗೆ ತಿರುಗುತ್ತದೆ, ಆಮ್ಲ ಬಿದ್ದರೆ ಕೆಂಪಾಗುತ್ತದೆ. ಒಂದು ಲಿಂಬೆಹಣ್ಣು ಹಿಂಡಿದರೆ ಕೆಲಸ ಮುಗಿಯಿತು. ಅಡುಗೆಮನೆಯಲ್ಲೇ ಗುಟ್ಟಾಗಿ ಹಿಂಡಿ ಕೆಂಪು ಮಾಡಿಕೊಂಡು ಹೊರಗೆ ಒಯ್ಯಬಹುದಿತ್ತು. ಆದರೆ ನಿವೃತ್ತನಾದ ಮೇಲೆ ನನ್ನ ಮುಂದೆ ಯಾರೂ ಸಾಲಾಗಿ ಕುಳಿತಿರಲಿಲ್ಲ. ಇವತ್ತು ಇಬ್ಬರು ಕುಳಿತುಕೊಳ್ಳುವವರಿದ್ದರು. ಅವರ ಮುಂದೆಯೇ ಬಣ್ಣ ಬದಲಿಸಿ ಬೆರಗು ಮಾಡೋಣ ಎಂದುಕೊಂಡೆ.

ಮಧ್ಯಾಹ್ನ ಅಕ್ಕ ಮತ್ತು ಮಾಮಾ ಬಂದರು. ಅಕ್ಕ ಶೇಂಗಾ ಹೋಳಿಗೆಯ ಡಬ್ಬಿ ಮೇಜಿನ ಮೇಲಿಟ್ಟು ಸೋಫಾದ ತುದಿಯಲ್ಲಿ ಕುಳಿತಳು. ಹೊಸ ಹಲ್ಲಿನ ಮಾಮಾ ಬಾಯಿ ಬಿಡಲು ಅಂಜುತ್ತ ಬರೀ ತಲೆಯಾಡಿಸಿದರು.

"ಬಿಸಲು ಬಾಳ ಐತಿ," ಎಂದಳು ಅಕ್ಕ. "ಸುಮಿತ್ರಾ, ಒಂದೀಟು ಶುಂಠಿ ಹಾಕಿ ಚಾ ಇಡವಾ."

"ಇಟ್ಟೇನ್ರಿ ಅಕ್ಕಾರ," ಎಂದು ಸುಮಿತ್ರಾ ಒಳಗೆ ಹೋದಳು. ನಾನು ಹಿಂದೆಯೇ ಹೋಗಿ ಗ್ಯಾಸು ಆರಿಸಿದೆ.

"ಇವತ್ತ ಚಾ ನಂದು," ಎಂದೆ. ಅವಳು ನನ್ನ ಮುಖ ನೋಡಿ, ಮಿರ್ಚಿ ಕರಿಯಲು ಎಣ್ಣೆ ಇಟ್ಟಳು.

ನಾನು ಬರ್ಫ ಹಾಕಿದ ನೀಲಿ ಗ್ಲಾಸುಗಳನ್ನು ಹೊರಗೆ ತಂದು ಇಟ್ಟೆ. ಅಕ್ಕ ಬಗ್ಗಿ ನೋಡಿದಳು.

"ಇದೇನೋ ಚಂದ್ರು?"

"ಚಾ."

"ಚಾ ಯಾಕ ಹಿಂಗೈತಿ?"

"ತಡೀ, ನೋಡ್ತಿರು," ಎಂದು ಒಳಗೆ ಓಡಿದೆ. ಬುಟ್ಟಿಯಲ್ಲಿ ಲಿಂಬೆಹಣ್ಣಿರಲಿಲ್ಲ. ಹಿತ್ತಲ ಬಾಗಿಲ ಹಿಂದೆ ಒಂದು ತಾಟಿನಲ್ಲಿ ಒಂದು ಸಿಕ್ಕಿತು. ಅದಕ್ಕೆ ಸ್ವಲ್ಪ ಕುಂಕುಮ ತಾಗಿತ್ತು. ತೊಳೆದೆ, ಕೊಯ್ದೆ, ಹೊರಗೆ ಬಂದೆ.

ಬಣ್ಣ ಸರಿಯಾಗಿ ಕಾಣಲೆಂದು ಅಕ್ಕನ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಇಬ್ಬರಿಗೂ ಮಾತಾಡದಿರಲು ಕೈಸನ್ನೆ ಮಾಡಿದೆ. ಪ್ರಯೋಗ ಮಾಡುವಾಗ ಪಾಠದ ಸಾಲನ್ನು ಬಾಯಲ್ಲೇ ಹೇಳಿಕೊಳ್ಳುವ ಹಳೆಯ ಚಟ ನನಗೆ. "ಆಮ್ಲ... ಕ್ಷಾರ... ಲವಣ..." ಎಂದು ಗೊಣಗುತ್ತ ಹಣ್ಣು ಹಿಂಡಿದೆ. ನೀಲಿ ನೀರಿನೊಳಗೆ ಕೆಂಪು ಎಳೆ ಎಳೆಯಾಗಿ ಇಳಿಯಿತು. ಚಮಚದಿಂದ ಒಂದು ಸುತ್ತು ತಿರುವಿದೆ. ಗ್ಲಾಸು ತುಂಬ ರಕ್ತ.

ಪ್ರಯೋಗ ಇಷ್ಟು ಚೆನ್ನಾಗಿ ನನ್ನ ಶಾಲೆಯಲ್ಲಿ ಒಮ್ಮೆಯೂ ಆಗಿರಲಿಲ್ಲ. ನಾನು ಚಪ್ಪಾಳೆಗಾಗಿ ತಲೆ ಎತ್ತಿದೆ. ಅಕ್ಕ ತನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು.

"ಏನ ಹಾಕಿದ್ಯೋ?"

"ಏನಿಲ್ಲಕ್ಕಾ, ಲಿಂಬಿಹಣ್ಣು. ಕುಡಿ, ತಂಪು ಆಕ್ಕೇತಿ."

ಅಕ್ಕ ನನ್ನನ್ನೇ ನೋಡಿದಳು. ಅವಳಿಗೆ ಅದನ್ನು ಮುಟ್ಟಲೂ ಮನಸ್ಸಿರಲಿಲ್ಲ. ಆದರೂ ತಮ್ಮ ಮಾಡಿದ್ದೆಂದು ಕಣ್ಣು ಮುಚ್ಚಿ ಎರಡು ಗುಟುಕು ಕುಡಿದಳು. ಮಾಮಾ ತಮ್ಮ ಗ್ಲಾಸನ್ನೂ ಮುಂದೆ ಚಾಚಿದರು. ಉಳಿದ ಹೋಳನ್ನು ಅದಕ್ಕೆ ಹಿಂಡಿದೆ. ಅವರು ಒಂದೇ ಉಸಿರಿಗೆ ಪೂರ್ತಿ ಕುಡಿದರು.

ಆಗ ಸುಮಿತ್ರಾ ಮಿರ್ಚಿಯ ತಾಟು ಹಿಡಿದುಕೊಂಡು ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಲಿಂಬೆಹಣ್ಣಿನ ಸಿಪ್ಪೆ ನೋಡಿ ಅಲ್ಲೇ ನಿಂತಳು.

"ಅದನ್ನ ಎಲ್ಲಿಂದ ತಂದ್ರಿ?"

"ಹಿತ್ತಲ ಬಾಗಿಲ ಹಿಂದ ಇತ್ತಲ್ಲ, ಅದ."

ಅವಳು ತಾಟನ್ನು ನಿಧಾನವಾಗಿ ಕೆಳಗಿಟ್ಟಳು. "ಇವತ್ತ ಅಮಾಸಿ ಅಂತ ಮುಂಜಾನೆ ನಿಮಗ ನಿವಾಳಿಸಿ ಇಟ್ಟಿದ್ದೆನಲ್ರಿ. ಸಂಜಿಕ ಮೂರು ದಾರಿ ಕೂಡೋ ಕಡೆ ಒಗದು ಬರಬೇಕಾಗಿತ್ತು."

ಬೆಳಿಗ್ಗೆ ನಾನು ಪೇಪರು ಓದುತ್ತಿದ್ದಾಗ ಅವಳು ನನ್ನ ತಲೆಯ ಸುತ್ತ ಏನೋ ಇಳಿ ತೆಗೆದದ್ದು ಆಗ ನೆನಪಾಯಿತು. ಅಂದರೆ ನನಗೆ ತಾಗಿದ ಕೆಟ್ಟ ಕಣ್ಣು, ನನ್ನ ಬಿ.ಪಿ., ನನ್ನ ಪೀಡೆ ಎಲ್ಲವೂ ಆ ಹಣ್ಣಿನಲ್ಲಿತ್ತು. ಅದನ್ನು ನಾನು ಅಕ್ಕನ ಗ್ಲಾಸಿಗೆ ಹಿಂಡಿದ್ದೆ. ಅಮಾವಾಸ್ಯೆಯ ದಿನ. ಬಾಯಲ್ಲಿ ಗೊಣಗುತ್ತ.

ಮಾಮಾ ತಮ್ಮ ಖಾಲಿ ಗ್ಲಾಸಿನ ತಳ ನೋಡಿ, ಹೊಸ ಹಲ್ಲಿನ ಸಂದಿಯಿಂದ ಶಿಳ್ಳೆಯ ಸದ್ದಿನೊಡನೆ ಕೇಳಿದರು: "ನನಗೂ ಅದ ಹಣ್ಣ ಏನು?"

"ಹೂಂ ಮಾಮಾ."

ಅಕ್ಕ ಎದ್ದಳು. "ಬಸ್ಸಿನ ಹೊತ್ತಾತು," ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹೋಳಿಗೆಯ ಡಬ್ಬಿಯನ್ನು ಅಲ್ಲೇ ಬಿಟ್ಟು ಹೋದಳು. ಆ ರಾತ್ರಿ ನಮಗೆ ಊಟ ಸೇರಲಿಲ್ಲ, ಹೋಳಿಗೆಯನ್ನಂತೂ ಮುಟ್ಟಲಾಗಲಿಲ್ಲ.

ಮರುದಿನ ಮಾಮಾನಿಗೆ ಫೋನು ಮಾಡಿದರೆ, ಅಕ್ಕ ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಮಲಗಿದ್ದಾಳೆ ಎಂದರು. ಬಿಸಿಲು, ಬರ್ಫ, ಬಸ್ಸು ಎಂದು ನಾನು ಕಾರಣಗಳನ್ನು ವೈಜ್ಞಾನಿಕವಾಗಿ ವಿವರಿಸತೊಡಗಿದೆ. ಆ ಕಡೆ ಫೋನು ಇಟ್ಟ ಸದ್ದು ಕೇಳಿತು.

ನಾನೇ ಹೊರಟೆ. ಚಪ್ಪಲಿ ಮೆಟ್ಟುವಾಗ ಸುಮಿತ್ರಾ ನನ್ನ ಚೀಲ ಇಸಿದುಕೊಂಡು ಒಳಗೆ ನೋಡಿದಳು. ದಾಸವಾಳದ ಹೂವು, ಅಡುಗೆ ಸೋಡಾ ಮತ್ತು ಹೊಸ ಲಿಂಬೆಹಣ್ಣು ಇದ್ದವು. "ಅಲ್ಲಿ ಮತ್ತೊಮ್ಮಿ ಮಾಡಿ ತೋರಸ್ತೀರೇನು?" ಎಂದು ಕೇಳಿ, ಎಲ್ಲ ತೆಗೆದಿಟ್ಟುಕೊಂಡು ಖಾಲಿ ಚೀಲ ಕೊಟ್ಟಳು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಚಿಕ್ಕೇರೂರು ಮುಟ್ಟಿದೆ. ಅಕ್ಕನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಹೆಂಗಸರು ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬಾಕೆ ಮೊಮ್ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ನಾನು ತಲೆ ಬಗ್ಗಿಸಿ ಒಳಗೆ ಹೋದೆ.

"ಅಕ್ಕಾ, ಅದು ಮಾಟ ಅಲ್ಲ. ನೀರಿನ್ಯಾಗ ಕ್ಷಾರ ಇತ್ತು..."

"ಮಾಟ ಅಂತ ನಾ ಅಂದ್ನೇನು?" ಅಕ್ಕ ಹಾಸಿಗೆಯ ಮೇಲೆ ಎದ್ದು ಕುಳಿತಳು. "ನಾ ಒಂದು ಚಾ ಕೇಳಿದ್ನಿ. ತಮ್ಮನ ಮನ್ಯಾಗ ಕುಂತು, ಬಿಸಿ ಚಾ ಕುಡದು, ಒಂದು ತಾಸು ಮಾತಾಡಿ ಹೋಗೂಣು ಅಂತ ಬಂದಿದ್ನಿ. ನೀ ನನ್ನ ಕುಂದರಿಸಿ ಸಾಲಿ ಮಾಡಿದಿ."

ಖಣದ ವಿಷಯವನ್ನೂ ಅವತ್ತೇ ಹೇಳಿ ತಪ್ಪಾಯಿತು ಎಂದೆ. ಅಕ್ಕ ಎದ್ದು ಒಲೆ ಹಚ್ಚಿದಳು. ಶುಂಠಿ ಜಜ್ಜಿ ಹಾಕಿದ, ಸಕ್ಕರೆ ಸುರಿದ ಚಾ. ಡಾಕ್ಟರು ಹೇಳಿದ್ದನ್ನು ನಾನು ಎತ್ತಲಿಲ್ಲ. ಎರಡು ಕಪ್ಪು ಕುಡಿದೆ.

ನನ್ನ ಪಾಪ ತೀರಿತು ಎಂದುಕೊಳ್ಳುವ ಹೊತ್ತಿಗೆ, ಕಟ್ಟೆಯ ಮೇಲಿದ್ದ ಹೆಂಗಸರಲ್ಲಿ ಒಬ್ಬಳಾದ ನೀಲವ್ವ ಒಳಗೆ ಬಂದಳು. ನನಗೆ ಭಕ್ತಿಯಿಂದ ಕೈಮುಗಿದಳು.

"ನೀರನ್ನ ರಕ್ತ ಮಾಡೋರು ನೀವ ಏನ್ರಿ? ನಮ್ಮ ಎಮ್ಮಿ ಎರಡು ದಿನಾ ಆತು, ಹಾಲು ಇಳಸವಲ್ತು. ಒಂದೀಟು ನೋಡಿ ಹೋಗ್ರಿ."

ಮೂಢನಂಬಿಕೆಯ ಮೇಲೆ ನನ್ನದೊಂದು ಭಾಷಣ ಇದೆ. ಶಾಲೆಯಲ್ಲಿ ಬಹಳ ಸಲ ಮಾಡಿದ್ದೇನೆ. ಬಾಯಿ ತೆರೆದೆ. ಅಕ್ಕ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮಾತಾಡಬ್ಯಾಡ. ಓಣ್ಯಾಗ ನನ್ನ ಮರ್ಯಾದಿ ಪ್ರಶ್ನಿ ಐತಿ. ಹೋಗಿ ನಿಂತು ಬಾ."

ಹೋದೆ. ನೀಲವ್ವ ನನ್ನ ಕೈಗೆ ಲಿಂಬೆಹಣ್ಣು ಕೊಟ್ಟು ದೂರ ನಿಂತಳು. ಓಣಿಯ ಅರ್ಧ ಮಂದಿ ಸೇರಿದ್ದರು. ಎಮ್ಮೆ, ಕೊನೆಯ ಬೆಂಚಿನ ಹುಡುಗರು ನೋಡುವ ಹಾಗೆ ನನ್ನನ್ನು ನೋಡಿತು. ನನಗೆ ಯಾವ ಮಂತ್ರವೂ ಬರುವುದಿಲ್ಲ. ಬರುವುದನ್ನು ಹೇಳಿದೆ. "ಹೈಡ್ರೋಜನ್, ಹೀಲಿಯಂ, ಲಿಥಿಯಂ, ಬೆರಿಲಿಯಂ..." ಕ್ಯಾಲ್ಸಿಯಂವರೆಗೆ ಹೇಳಿ, ಹಣ್ಣು ನಿವಾಳಿಸಿ, ತಿರುಗಿ ನೋಡದೆ ಬಸ್ಸು ಹಿಡಿದೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನು. ದನಿ ಗೆಲುವಾಗಿತ್ತು.

"ನೀಲವ್ವನ ಎಮ್ಮಿ ಚರಿಗಿ ತುಂಬ ಹಾಲು ಕೊಟ್ಟತಂತ. ಹಂಸಭಾವಿಯಿಂದ ಒಬ್ಬರು ನಿನ್ನ ಕೇಳಕೊಂಡು ಬಂದಾರ. ಐತವಾರ ಬಾ. ಸುಮಿತ್ರಾನ್ನೂ ಕರಕೊಂಡು ಬಾ, ಊಟಕ್ಕ ಇರ್ರಿ."

ಎಮ್ಮೆ ತಾನಾಗಿಯೇ ಸರಿಹೋಗಿದೆ, ಇದರಲ್ಲಿ ನನ್ನದೇನೂ ಇಲ್ಲ ಎಂದು ಹೇಳಬೇಕಾಗಿತ್ತು. ಆದರೆ ಎಷ್ಟೋ ವರ್ಷಗಳ ಮೇಲೆ ಅಕ್ಕ ಊಟಕ್ಕೆ ಕರೆಯುತ್ತಿದ್ದಳು.

"ಬರ್ತೇನಿ ಅಕ್ಕಾ," ಎಂದೆ.

ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಸುಮಿತ್ರಾ ತಲೆ ಎತ್ತಲಿಲ್ಲ.

"ದಕ್ಷಿಣಿ ಅಷ್ಟ ಇಸಗೋಬ್ಯಾಡ್ರಿ," ಎಂದಳು. "ಪೆನ್ಶನ್ ಬರತೈತಿ."