ಚೀನೀ ಆಫೀಸಿನಲ್ಲಿ ನನ್ನ ನಾಲಿಗೆ

ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಅಂತ ಗಾದೆ ಮಾಡಿದವರು ಚೀನೀ ಭಾಷೆ ಕಲಿತವರಲ್ಲ. ಅದಕ್ಕೆ ನಾಲಿಗೆ ಸಾಲದು, ಸ್ವರವೂ ಬೇಕು. ಒಂದೇ ಶಬ್ದ ಏರಿಸಿದರೆ ಒಂದರ್ಥ, ಇಳಿಸಿದರೆ ಇನ್ನೊಂದು. ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಸಂಗೀತದ ಪಾಠ ತಪ್ಪಿಸಿಕೊಂಡು ಓಡಿಹೋಗುತ್ತಿದ್ದೆ. ಅದರ ಫಲವನ್ನು ಈಗ ನೈರೋಬಿಯಲ್ಲಿ ಉಣ್ಣುತ್ತಿದ್ದೇನೆ. ರಿವರ್‌ಸೈಡ್‌ನ ಒಂದು ಚೀನೀ ಟೆಲಿಕಾಂ ಕಂಪನಿಯಲ್ಲಿ ನಾನು ಇಂಜಿನಿಯರ್. ಅರ್ಧ ಜನ ಚೀನೀಯರು, ಉಳಿದವರು ಕೀನ್ಯಾದವರು, ಭಾರತದವಳು ನಾನೊಬ್ಬಳೇ. ಹಾಗಾಗಿ ಏನಾದರೂ ಒಂದು ಆಗದೆ ವಾರ ಮುಗಿಯುವುದಿಲ್ಲ.

ಉಪ್ಪು

ನನಗೆ ಚೀನೀ ಕಲಿಸುವವಳು ನಮ್ಮ ರಿಸೆಪ್ಷನಿಸ್ಟ್. ಇಲ್ಲೇ ನೈರೋಬಿಯ ಪಂಗಾನಿ ಬಡಾವಣೆಯ ಹುಡುಗಿ, ಕಾಲೇಜಿನಲ್ಲಿ ಆ ಭಾಷೆಯನ್ನೇ ಓದಿದವಳು. ನಾನು ತಡವರಿಸಿದಾಗೆಲ್ಲ ತನ್ನ ಸ್ವಾಹಿಲಿ ಬೆರೆಸಿ "ಪೋಲೆ ಪೋಲೆ ಮೇಡಂ, ನಿಧಾನ" ಅನ್ನುತ್ತಾಳೆ.

ಆಫೀಸಿನ ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಚೀನೀ ಹೆಂಗಸು ಪಾಪ, ನನಗೋಸ್ಕರ ದಿನಾ ಬೇರೆಯಾಗಿ ಸಸ್ಯಾಹಾರ ಮಾಡುತ್ತಾರೆ. ಒಂದು ದಿನ ಬೀನ್ಸ್‌ಗೆ ಉಪ್ಪೇ ಬಿದ್ದಿರಲಿಲ್ಲ. ಉಪ್ಪಿಗೆ "ಯೆನ್" ಅನ್ನಬೇಕು ಅಂತ ಹಿಂದಿನ ದಿನವಷ್ಟೇ ಕಲಿತಿದ್ದೆ. ಎದುರಿಗಿದ್ದ ಮ್ಯಾನೇಜರನ್ನು, "ಯೆನ್ ಇದೆಯಾ?" ಅಂತ ಚೀನೀಯಲ್ಲೇ ಕೇಳಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿ, ಚಾಪ್‌ಸ್ಟಿಕ್ ಕೆಳಗಿಟ್ಟು, ಜೇಬಿನಿಂದ ಸಿಗರೇಟು ಪ್ಯಾಕ್ ತೆಗೆದು ಎರಡೂ ಕೈಯಲ್ಲಿ ಮರ್ಯಾದೆಯಿಂದ ಮುಂದೆ ಹಿಡಿದರು.

ನಾನು ತಲೆಯಾಡಿಸಿ, "ಅಲ್ಲ, ಯೆನ್" ಅಂದೆ, ಸ್ವಲ್ಪ ಜೋರಾಗಿ. ಪಕ್ಕದವರು ನನಗೆ ಆ ಬ್ರಾಂಡ್ ಹಿಡಿಸಲಿಲ್ಲ ಅಂದುಕೊಂಡು ತಮ್ಮ ಪ್ಯಾಕ್ ತೆಗೆದರು. ನಾನು ತಟ್ಟೆ ತೋರಿಸಿ, "ಬೀನ್ಸ್‌ಗೆ ಹಾಕಬೇಕು" ಅಂದೆ. ಇಡೀ ಟೇಬಲ್ ನನ್ನ ಬೀನ್ಸನ್ನು ಬಗ್ಗಿ ನೋಡಿತು.

ಕೊನೆಗೆ ರಿಸೆಪ್ಷನಿಸ್ಟ್ ಬಂದು ಬಿಡಿಸಿ ಹೇಳಿದಳು: "ಉಪ್ಪು ಅಂದ್ರೆ ದನಿ ಮೇಲಕ್ಕೆ ಹೋಗಬೇಕು ಮೇಡಂ. ನೀವು ಒಂದೇ ಮಟ್ಟಕ್ಕೆ ಎಳೆದ್ರಿ. ಅದು ಸಿಗರೇಟು."

ಉಪ್ಪು ಬಂತು. ಆದರೆ ಅಂದಿನಿಂದ ಅವರೆಲ್ಲ ಊಟ ಮುಗಿಸಿ ಬಾಲ್ಕನಿಗೆ ಸೇದಲು ಹೊರಟಾಗ ನನ್ನ ಟೇಬಲ್ ತಟ್ಟಿ ಕೇಳುತ್ತಾರೆ: "ಉಪ್ಪಿಗೆ ಬರ್ತೀರಾ ಮೇಡಂ?"

ಸ್ವಾಗತ

ನಮ್ಮ ಆಫೀಸಿನ ಕೀನ್ಯಾದ ಡ್ರೈವರ್‌ಗೆ ಐವತ್ತು ದಾಟಿದೆ. ಮೊದಲು ಚೀನೀಯರ ರಸ್ತೆ ಕಾಮಗಾರಿಯಲ್ಲಿ ಏಳೆಂಟು ವರ್ಷ ದುಡಿದವರು. ಅವರ ಉಚ್ಚಾರ ಕೇಳಿದರೆ ಚೀನೀಯರೇ ತಿರುಗಿ ನೋಡುತ್ತಾರೆ. ಒಂದೇ ತೊಂದರೆ, ಅವರು ಭಾಷೆ ಕಲಿತದ್ದು ಮೇಸ್ತ್ರಿಯಿಂದ. ಮೇಸ್ತ್ರಿ ಕೂಲಿಯವರ ಹತ್ತಿರ ಏನು ಮಾತಾಡುತ್ತಾನೋ ಅಷ್ಟೇ ಅವರಿಗೆ ಬರುವುದು.

ಚೀನಾದ ಹೆಡ್ ಆಫೀಸಿನಿಂದ ಮೂವರು ದೊಡ್ಡ ಅಧಿಕಾರಿಗಳು ಬಂದಾಗ ನಾವಿಬ್ಬರೂ ಏರ್‌ಪೋರ್ಟಿಗೆ ಹೋದೆವು. ನಾನು ಬಾಯಿಪಾಠ ಮಾಡಿದ್ದ ಸ್ವಾಗತದ ಮಾತು ಅವರ ಸೂಟು ನೋಡಿದ್ದೇ ಹಾರಿಹೋಯಿತು. "ನೀವೇ ಏನಾದ್ರೂ ಹೇಳಿ" ಅಂತ ಡ್ರೈವರ್‌ಗೆ ಪಿಸುಗುಟ್ಟಿದೆ. ಅವರು ಕೋಟು ಸರಿಮಾಡಿಕೊಂಡು, ನಗುತ್ತಾ ತಲೆ ಬಾಗಿಸಿ, ಒಂದು ಉದ್ದನೆಯ ವಾಕ್ಯ ಹೇಳಿದರು. ಮೂವರೂ ಬೆಚ್ಚಿ ಸೂಟ್‌ಕೇಸ್ ಎತ್ತಿಕೊಂಡು ವ್ಯಾನಿನ ಕಡೆ ಓಡಿದರು. ಒಬ್ಬರು ನನ್ನ ಬ್ಯಾಗನ್ನೂ ಹೊತ್ತರು.

"ಏನಂದ್ರಿ?" ಅಂತ ಕೇಳಿದೆ.

"ನಿಂತ್ಕೊಂಡು ಏನ್ ನೋಡ್ತೀರ, ಎತ್ತಿ ಬೇಗ, ಮಧ್ಯಾಹ್ನದೊಳಗೆ ಮುಗೀಬೇಕು ಅಂದೆ. ದಿನಾ ಬೆಳಿಗ್ಗೆ ನಮ್ಮನ್ನ ಮೇಸ್ತ್ರಿ ಹೀಗೇ ಮಾತಾಡಿಸ್ತಿದ್ದ."

ನನ್ನ ಕೆಲಸ ಹೋಯಿತು ಅಂತಲೇ ಕೂತಿದ್ದೆ. ಸಂಜೆ ಮೂವರಲ್ಲಿ ಹಿರಿಯರು ಮ್ಯಾನೇಜರಿಗೆ ಹೇಳಿದರಂತೆ: "ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಹೀಗೆ ಬೈತಿದ್ರು. ಅಧಿಕಾರಿ ಆದ ಮೇಲೆ ಯಾರೂ ಬೈದಿಲ್ಲ. ನಾಳೆಯೂ ಅದೇ ಡ್ರೈವರನ್ನು ಕಳಿಸಿ."

ಅತ್ತೆ ಮತ್ತು ಅತಿಥಿ

ಕನ್ನಡದ ಹಾಗೆ ಚೀನೀಯಲ್ಲೂ "ನೀ" ಅಂದರೆ ನೀನು. ಆದರೆ ಹಿರಿಯರಿಗೆ ಮರ್ಯಾದೆ ಕೊಟ್ಟು "ನಿನ್" ಅನ್ನಬೇಕು. "ಹಾವ್" ಅಂದರೆ ಒಳ್ಳೆಯದು. ಎರಡೂ ಸೇರಿದರೆ ಹಿರಿಯರಿಗೆ ಮಾಡುವ ನಮಸ್ಕಾರ. ಇದನ್ನು ನಾನು ಅತ್ತೆಗೆ ಮೊದಲೇ ಹೇಳಿಡಬೇಕಿತ್ತು.

ಅತ್ತೆ ಮೈಸೂರಿನಿಂದ ನೈರೋಬಿಯ ಸೌತ್ ಬಿ ಬಡಾವಣೆಯ ನಮ್ಮ ಮನೆಗೆ ಬಂದು ವಾರವಾಗಿತ್ತು. ಭಾನುವಾರ ನಮ್ಮ ಮ್ಯಾನೇಜರ್ ಹಣ್ಣಿನ ಚೀಲ ಹಿಡಿದು ಅವರನ್ನು ನೋಡಲು ಬಂದರು. ಸೋಫಾದ ಮೇಲಿದ್ದ ಅತ್ತೆಯ ಮುಂದೆ ನಿಂತು, ಬಗ್ಗಿ, ಸ್ಪಷ್ಟವಾಗಿ ಅಂದರು: "ನಿನ್ ಹಾವ್."

ಅತ್ತೆ ಎರಡೂ ಕಾಲು ಎತ್ತಿ ಸೋಫಾದ ಮೇಲಿಟ್ಟರು. "ನನ್ನ ಹಾವಾ? ಎಲ್ಲಿ?"

"ಅಜ್ಜಿ, ಇಟ್ಸ್ ಜಸ್ಟ್ ಹಲೋ" ಅಂದಳು ನನ್ನ ಮಗಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

"ಹಲೋನೋ ಹಾವೋ, ಮೊದಲು ಸೋಫಾ ಕೆಳಗೆ ನೋಡ್ರೇ."

ಅವರ ಸಮಾಧಾನಕ್ಕೆ ನಾನು ಮೊಣಕಾಲೂರಿ ಬಗ್ಗಿ ನೋಡಿದೆ. ಮ್ಯಾನೇಜರ್ ಎಲ್ಲವನ್ನೂ ಗಂಭೀರವಾಗಿ ಗಮನಿಸಿದರು. ಸೊಸೆ ನೆಲಕ್ಕೆ ಬಾಗುವುದು, ಹಿರಿಯರು ಕಾಲು ಮಡಚಿ ಕೂರುವುದು ನಮ್ಮಲ್ಲಿ ಅತಿಥಿಯನ್ನು ಬರಮಾಡಿಕೊಳ್ಳುವ ಪದ್ಧತಿ ಅಂತ ತೀರ್ಮಾನಿಸಿ, ತಾವೂ ಎದುರಿನ ಸೋಫಾದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು. ಕಾಫಿ, ಚಕ್ಕುಲಿ, ಒಂದು ಗಂಟೆಯ ಮಾತು, ಎಲ್ಲವೂ ಹಾಗೆಯೇ ನಡೆಯಿತು. ಏಳುವಾಗ ಕಾಲು ಜೋಮು ಹಿಡಿದು, ನನ್ನ ಗಂಡ ಅವರನ್ನು ಕಾರಿನವರೆಗೆ ಹಿಡಿದುಕೊಂಡು ಹೋಗಬೇಕಾಯಿತು.

ಬಾಗಿಲು ಹಾಕಿದ ಮೇಲೆ ಅತ್ತೆ ಅಂದರು: "ಪಾಪ, ಒಳ್ಳೆ ಮನುಷ್ಯ. ಅವರಿಗೂ ಹಾವು ಅಂದ್ರೆ ಭಯ ಅಂತ ಕಾಣುತ್ತೆ."

ಭಾಷಣ

ನಮ್ಮಲ್ಲಿ ಡಿಸೈನ್ ವಿಭಾಗಕ್ಕೆ ಒಬ್ಬರು, ಟವರ್ ನಿಲ್ಲಿಸುವ ವಿಭಾಗಕ್ಕೆ ಒಬ್ಬರು ಮುಖ್ಯಸ್ಥರು. ಇಬ್ಬರೂ ಚೀನೀಯರು, ಹಳೆಯ ಸ್ನೇಹಿತರು. ಒಂದು ಟವರ್ ತಪ್ಪು ಜಾಗದಲ್ಲಿ ಎದ್ದುನಿಂತಿತು. ನಕ್ಷೆಯೇ ತಪ್ಪು ಅಂತ ಟವರಿನವರು, ನಕ್ಷೆ ತಲೆಕೆಳಗಾಗಿ ಹಿಡಿದಿದ್ದರು ಅಂತ ಡಿಸೈನಿನವರು. ಎರಡು ತಿಂಗಳು ಮಾತಿಲ್ಲ. ಎದುರುಬದುರು ಕೂತು, ನಡುವೆ ಇದ್ದ ನನ್ನ ಮೂಲಕ ಇಂಗ್ಲಿಷಿನಲ್ಲಿ, "ಅವರಿಗೆ ಹೇಳಿ" ಅಂತ ಹೇಳಿಸುತ್ತಿದ್ದರು. ನನ್ನ ಪ್ರಾಜೆಕ್ಟ್ ಇಬ್ಬರ ಸಹಿಗಾಗಿ ಕಾಯುತ್ತಾ ಕೊಳೆಯುತ್ತಿತ್ತು. ಇದು ಹೀಗೇ ಮುಂದುವರಿದರೆ ಒಬ್ಬರನ್ನು ವಾಪಸ್ ಕಳಿಸುತ್ತೇನೆ ಅಂತ ಮ್ಯಾನೇಜರ್ ಬೇಸರದಲ್ಲಿ ಹೇಳಿದ್ದರು.

ಚೀನೀ ಹೊಸವರ್ಷದ ಊಟಕ್ಕೆ ನಾಲ್ಕು ಮಾತು ಚೀನೀಯಲ್ಲಿ ಆಡಿ ಅಂತ ಮ್ಯಾನೇಜರ್ ನನಗೇ ಹೇಳಿದರು. ರಿಸೆಪ್ಷನಿಸ್ಟ್ ನಾಲ್ಕು ಸಾಲು ಬರೆದುಕೊಟ್ಟಳು: ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಎಲ್ಲರೂ ನನ್ನನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ. ನಾವೆಲ್ಲರೂ ಒಂದೇ ಕುಟುಂಬ. ಬರುವ ವರ್ಷವೂ ಎಲ್ಲರೂ ಸೇರಿ ಮುಂದೆ ಸಾಗೋಣ. ಹತ್ತು ದಿನ ಸ್ನಾನದ ಮನೆಯಲ್ಲಿ ಅಭ್ಯಾಸ ಮಾಡಿದೆ.

ಮೊದಲ ಸಾಲಿಗೆ ಇಡೀ ಹಾಲ್ ನನ್ನ ಕಡೆ ತಿರುಗಿತು. ಎರಡನೆಯದಕ್ಕೆ ಯಾರೋ ಕೆಮ್ಮಿದರು. ಮೂರನೆಯದಕ್ಕೆ ಡಿಸೈನ್ ಮುಖ್ಯಸ್ಥರು ಮುಖ ಮುಚ್ಚಿಕೊಂಡರು, ಭುಜ ನಡುಗುತ್ತಿತ್ತು. ಅಳುತ್ತಿದ್ದಾರೆ ಅಂದುಕೊಂಡೆ. ಮನಸ್ಸು ತುಂಬಿ ಬಂದು ಆ ಸಾಲನ್ನು ಇನ್ನೊಮ್ಮೆ ಭಾವಪೂರ್ಣವಾಗಿ ಹೇಳಿದೆ. ಆಗ ಟವರ್ ಮುಖ್ಯಸ್ಥರು ಎದ್ದು ಹೋಗಿ, ಅವರ ಲೋಟಕ್ಕೆ ಚಹಾ ಸುರಿದು, ಏನೋ ಅಂದರು. ಇಬ್ಬರೂ ತಬ್ಬಿಕೊಂಡರು. ಹಾಲ್‌ಗೆ ಹಾಲೇ ಟೇಬಲ್ ಬಡಿಯಿತು.

ನಾನು ಆ ಗದ್ದಲದಲ್ಲೇ ನಾಲ್ಕನೆಯ ಸಾಲನ್ನೂ ಹೇಳಿ ಮುಗಿಸಿ, ಕಣ್ಣೊರೆಸಿಕೊಂಡು ಕೂತು, "ನೋಡಿದ್ಯಾ, ಮಾತಿಗೆ ಎಂಥ ಶಕ್ತಿ" ಅಂದೆ.

ರಿಸೆಪ್ಷನಿಸ್ಟ್ ನೀರು ಕುಡಿದು ಸುಧಾರಿಸಿಕೊಂಡಳು. "ಮೇಡಂ, 'ಎಲ್ಲರೂ' ಅನ್ನೋದಕ್ಕೆ ದಾಜ್ಯಾ. ಮೊದಲನೇ ಅಕ್ಷರ ಬೀಳಬೇಕು, ಎರಡನೆಯದು ಮೇಲೆ ನಿಲ್ಲಬೇಕು. ನೀವು ಮೊದಲನೆಯದನ್ನ ಬಗ್ಗಿಸಿ ಎರಡನೆಯದನ್ನ ಬೀಳಿಸಿದ್ರಿ. ಅದು ಹೊಡೆದಾಟ."

"ಅಂದ್ರೆ ನಾನು ಹೇಳಿದ್ದು?"

"ಹೊಡೆದಾಟ ಒಳ್ಳೆಯದು. ಮೂರು ವರ್ಷದಿಂದ ಹೊಡೆದಾಟ ನನ್ನನ್ನು ಚೆನ್ನಾಗಿ ನೋಡಿಕೊಂಡಿದೆ. ಹೊಡೆದಾಡೋರೇ ಒಂದು ಕುಟುಂಬ. ಇದನ್ನ ಎರಡು ಸಲ ಹೇಳಿದ್ರಿ. ಬರುವ ವರ್ಷವೂ ಹೊಡೆದಾಡ್ತಾ ಮುಂದೆ ಸಾಗೋಣ."

"ಅವರು ಚಹಾ ಸುರಿದು ಏನಂದ್ರು?"

"'ಮೇಡಂ ಲೆಕ್ಕದಲ್ಲಿ ಈ ಆಫೀಸಲ್ಲಿ ಕುಟುಂಬ ಅಂತ ಇರೋದು ನಾವಿಬ್ಬರೇ' ಅಂದ್ರು."

ಸೋಮವಾರ ಎರಡೂ ಸಹಿ ಬಿದ್ದವು. ಮಧ್ಯಾಹ್ನ ಮ್ಯಾನೇಜರ್ ನನ್ನ ಟೇಬಲ್ ಹತ್ತಿರ ಬಂದರು. "ಮುಂದಿನ ವಾರ ಪರ್ಚೇಸಿನವರಿಗೂ ಸೇಲ್ಸಿನವರಿಗೂ ಮೀಟಿಂಗ್ ಇದೆ. ಪರಿಸ್ಥಿತಿ ಚೆನ್ನಾಗಿಲ್ಲ. ನೀವು ಬಂದು ನಾಲ್ಕು ಮಾತಾಡಬೇಕು."

"ಖಂಡಿತ ಸರ್. ಈ ಸಲ ಚೆನ್ನಾಗಿ ಪ್ರಾಕ್ಟೀಸ್ ಮಾಡ್ತೀನಿ" ಅಂದೆ.

ಅವರು ಎರಡೂ ಕೈ ಜೋಡಿಸಿದರು. "ದಯವಿಟ್ಟು ಬೇಡ."