ತಿಳವಳ್ಳಿಯ ಕೌದಿಯನ್ನು ಉಪವಾಸ ಕೆಡವಿದ ಸಂಗ್ರಹಾಧಿಕಾರಿಗಳಿಗೆ

ಕಲೆಯ ಕಾವಲಿಗೆಂದೇ ಜನಿಸಿದ ಮಾನ್ಯ ಮುಖ್ಯ ಸಂಗ್ರಹಾಧಿಕಾರಿಗಳೇ,

ಹಿರೇಕೆರೂರು ತಾಲೂಕು ಹಂಸಭಾವಿಯ ಗುತ್ತೆಪ್ಪ, ತಮ್ಮ ಬಾಗಿಲ ಪಹರೆಯವರಿಗೆ ಎಲೆಅಡಿಕೆ ಚಂಚಿಯನ್ನೂ ರೊಟ್ಟಿಯ ಗಂಟನ್ನೂ ಒಪ್ಪಿಸಿ, ಖಾಲಿ ಕೈಯಲ್ಲಿ ಮಾಡುವ ನಮಸ್ಕಾರಗಳು.

ಕಳೆದ ಮಂಗಳವಾರ ತಮ್ಮ ಕಲಾಗ್ಯಾಲರಿಯ ರಾಷ್ಟ್ರೀಯ ಸಂಗ್ರಹವನ್ನೂ ಮೂಲನಿವಾಸಿ ಸಂಗ್ರಹವನ್ನೂ ಕಣ್ತುಂಬಿಕೊಳ್ಳುವ ಭಾಗ್ಯ ಮೂವರಿಗೆ ಒದಗಿತು. ಒಬ್ಬ ನಾನು, ಮೂವತ್ತು ವರ್ಷ ಸಂಘಟನೆಯ ಕರಪತ್ರ ಹಂಚಿದವನು. ಇನ್ನೊಬ್ಬಳು ಸವಣೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ತರನ್ನುಮ. ಮೂರನೆಯವಳು ಹಾನಗಲ್ ತಾಲೂಕು ತಿಳವಳ್ಳಿಯ ಉಡಚವ್ವ. ಎಪ್ಪತ್ತರ ಹತ್ತಿರದ ಆಕೆ ಮಂದಿಯ ಗದ್ದೆಯಲ್ಲಿ ಸಸಿ ನಾಟುತ್ತ, ಉಳಿದ ಹೊತ್ತಿನಲ್ಲಿ ಹಳೆಯ ಸೀರೆಗಳ ತುಂಡು ಕೂಡಿಸಿ ಕೌದಿ ಹೊಲಿಯುತ್ತ ಬಂದವಳು. ಆಕೆಯ ಕೌದಿಯೊಂದು ತಮ್ಮ ಗೋಡೆಯ ಮೇಲಿದೆಯೆಂಬುದು ತಮ್ಮದೇ ಜಾಹೀರಾತು ತರನ್ನುಮಳ ಮೊಬೈಲಿಗೆ ಬಂದಾಗ ತಿಳಿಯಿತು. ಅದನ್ನು ಮನೆಗೆ ಒಯ್ಯಲು ಬಂದೆವು. ಬಸುರಿಯಾಗಿರುವ ಮೊಮ್ಮಗಳು ಜಯಶ್ರೀಗೆ ಈಗ ಏಳು ತಿಂಗಳು ತುಂಬಿದೆ. ಆ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ಮಲಗಿಸುವುದು ಆ ಕೌದಿಯ ಮೇಲೆ, ಜಯಶ್ರೀಯನ್ನು ಮಲಗಿಸಿದ್ದೂ ಅದರ ಮೇಲೆಯೇ.

ಮೊದಲು ಮೇಲ್ಮಹಡಿಯ ರಾಷ್ಟ್ರವನ್ನು ನೋಡಿ ಬಂದೆವು. ಅಲ್ಲಿ 'ಕೌದಿ ಹೊಲಿಯುವ ಹೆಂಗಸು' ಎಂಬ ತೈಲಚಿತ್ರದ ಮುಂದೆ ನಿಂತಾಗ ತಮ್ಮ ವ್ಯವಸ್ಥೆಯ ಅಚ್ಚುಕಟ್ಟಿಗೆ ತಲೆಬಾಗಿತು. ಚಿತ್ರ ಬರೆದವರ ಹೆಸರು, ತಂದೆಯ ಹೆಸರು, ಗುರುವಿನ ಹೆಸರು, ಹುಟ್ಟಿದ ಗಳಿಗೆ, ಅವರು ಬಣ್ಣ ಕಲಸಿದ ಹಲಗೆ, ಆ ಹಲಗೆಗೊಂದು ಗಾಜಿನ ಪೆಟ್ಟಿಗೆ, ಪೆಟ್ಟಿಗೆಗೊಂದು ದೀಪ. ಚಿತ್ರದೊಳಗಿನ ಹೆಂಗಸು ಯಾರು ಎಂಬ ಕ್ಷುಲ್ಲಕ ಸಂಗತಿಯಿಂದ ಮಾತ್ರ ಫಲಕವನ್ನು ಕೆಡಿಸಿರಲಿಲ್ಲ. ಉಡಚವ್ವ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ಸೂಜಿ ಹಿಡದದ್ದ ತಪ್ಪೈತಿ ನೋಡ ತಂಗಿ, ಹಿಂಗ ಹಿಡದ್ರ ಬೆರಳಿಗೆ ಚುಚ್ಚಕೋತಾಳ" ಎಂದು ತರನ್ನುಮಳಿಗೆ ಹೇಳಿ ಮುಂದೆ ನಡೆದಳು. ಕಲಾವಿಮರ್ಶೆಗೆ ತಮ್ಮಲ್ಲಿ ಹುದ್ದೆ ಖಾಲಿಯಿದ್ದರೆ ದಯವಿಟ್ಟು ಗಮನಿಸುವುದು.

ನಂತರ ಮೂಲನಿವಾಸಿಗಳನ್ನು ಕಾಣಲು ನೆಲಮಾಳಿಗೆಗೆ ಇಳಿದೆವು. ರಾಷ್ಟ್ರ ಮೇಲೆ, ಮೂಲನಿವಾಸಿ ನೆಲದಡಿಗೆ. ಇಷ್ಟು ಪ್ರಾಮಾಣಿಕವಾದ ಕಟ್ಟಡವನ್ನು ನಾನು ನೋಡಿಲ್ಲ. ತಣ್ಣನೆಯ ಗಾಳಿಯ ಯಂತ್ರವನ್ನು ಎಂಥ ಉದಾರತೆಯಿಂದ ಬಿಟ್ಟಿದ್ದಿರೆಂದರೆ ತರನ್ನುಮಳ ಹಲ್ಲು ಕಟಕಟ ಎನ್ನುತ್ತಿದ್ದವು, ಮತ್ತು ಇಡೀ ಕೋಣೆಯಲ್ಲಿ ಚಳಿ ಬಿಡಿಸಬಲ್ಲ ಒಂದೇ ಒಂದು ವಸ್ತು ಗೋಡೆಗೆ ನೇತಾಡುತ್ತ, 'ಮುಟ್ಟಬಾರದು' ಎಂಬ ಹಲಗೆಯನ್ನು ಪಕ್ಕಕ್ಕೆ ಕಟ್ಟಿಕೊಂಡಿತ್ತು. ಕೆಳಗೆ ತಮ್ಮ ಫಲಕ: "ಕಲಾವಿದೆ: ಅಜ್ಞಾತ. ದಟ್ಟಾರಣ್ಯದಂಚಿನ ಬುಡಕಟ್ಟು. ಕಾಲ: ಅಂದಾಜು ಹತ್ತೊಂಬತ್ತನೇ ಶತಮಾನ."

ಮಾನ್ಯರೇ, ತಿಳವಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದಿಂದ ಐದು ನಿಮಿಷ ನಡೆದರೆ ಸಿಗುವ ನಮ್ಮ ಮಂದಿಯ ಕೇರಿಯ ಸುತ್ತ ತಾವು ಬೆಳೆಸಿದ ಆ ಕಾಡಿಗೆ ಅರಣ್ಯ ಇಲಾಖೆ ತಮ್ಮನ್ನು ಸನ್ಮಾನಿಸಬೇಕು. ಕೌದಿಯ ನಡುವಿನ ನೀಲಿ ತುಂಡು ಜಯಶ್ರೀಯ ತಾಯಿ ಏಳನೇ ಇಯತ್ತೆಗೆ ಹಾಕಿಕೊಂಡು ಹೋದ ಸಮವಸ್ತ್ರದ್ದು. ನೂರೈವತ್ತು ವರ್ಷದ ಹಿಂದೆಯೇ ನಮ್ಮ ಕೇರಿಯ ಹುಡುಗಿಗೆ ಸಮವಸ್ತ್ರ ಹೊಲಿಸಿ ಶಾಲೆಯಲ್ಲಿ ಕೂಡಿಸಿದ ಆ ಕ್ರಾಂತಿಕಾರಿ ಸರ್ಕಾರ ಯಾವುದೆಂದು ತಿಳಿಸಿದರೆ ಅದರ ಸ್ಮಾರಕಕ್ಕೆ ನಾನೇ ಕಲ್ಲು ಹೊರುತ್ತೇನೆ.

ಇನ್ನು 'ಅಜ್ಞಾತ'ದ ಮಾತು. ಆರು ವರ್ಷದ ಹಿಂದೆ ತಮ್ಮ ಸಂಶೋಧಕರು ತಿಳವಳ್ಳಿಗೆ ಬಂದು, ಉಡಚವ್ವನ ಪಡಸಾಲೆಯಲ್ಲಿ ಎರಡು ದಿನ ಕುಂತು ಉಂಡು, ನಾಲ್ಕು ದಿನ ತೋರಿಸಿ ತಂದುಕೊಡುತ್ತೇವೆಂದು ಕೌದಿ ಒಯ್ದು, ಬದಲಿಗೆ ಹುಲಿಯ ಚಿತ್ರವಿರುವ ರಗ್ಗೊಂದನ್ನು ದಯಪಾಲಿಸಿದ್ದರು. ಈ ವಿಷಯ ಹೇಳಿಕೊಳ್ಳಲು ಹೋದಾಗ ತಮ್ಮ ಸಹಾಯಕರು, ಹೆಸರಿಲ್ಲದಿರುವುದೇ ಇಂಥ ಕಲೆಯ ಸೊಬಗು ಎಂದು ನಮಗೆ ಪಾಠ ಮಾಡಿದರು. ಉಡಚವ್ವ ಅವರನ್ನು ಮೇಲಿಂದ ಕೆಳಗೆ ನೋಡಿ, "ಕೇಳಿದ್ರ ಹೇಳತಿದ್ನೆಲ್ಲೊ ಯಪ್ಪಾ. ನಿಮ್ಮಾವ್ರು ಎರಡು ದಿನ ಉಂಡ್ರು, ಪಲ್ಯಕ್ಕ ಏನ ಹಾಕೀರಿ ಅಂತ ಕೇಳಿದ್ರು, ಹೆಸರ ಕೇಳಲಿಲ್ಲ" ಎಂದಳು. ಸಹಾಯಕರು ದಾಖಲೆ ಕೇಳಿದರು. ಆಕೆ ಕೌದಿಗೆ ಬೆನ್ನು ತಿರುಗಿಸಿ ನಿಂತು, ಎಡಕ್ಕೆ ಮೂರನೆಯದು ಅತ್ತೆಯ ಸೀರೆ, ಅದರ ಕೆಳಗಿನ ಹಸಿರು ತನ್ನ ಮದುವೆಯದು, ಅಂಚಿನ ಕೆಂಪು ತೀರಿಹೋದ ಅಕ್ಕನದು ಎಂದು ಒಂದೊಂದೇ ತುಂಡನ್ನು ಹೇಳುತ್ತ ಹೋದಳು. ತರನ್ನುಮ ಬೆರಳಿಟ್ಟು ತೋರಿಸುತ್ತ ಹೋದಳು. ಒಂದೂ ತಪ್ಪಲಿಲ್ಲ. ಸಹಾಯಕರು ಬಹಳ ಸಂತೋಷಪಟ್ಟು, ಇದು ಮೌಖಿಕ ಪರಂಪರೆ, ದಾಖಲೆಯಲ್ಲ ಎಂದರು.

ಇಷ್ಟಾಗಿದ್ದರೆ ಈ ಪತ್ರದ ಸ್ವರ ಇನ್ನೂ ಮೆತ್ತಗಿರುತ್ತಿತ್ತು. ಆದರೆ ಫಲಕದ ಅಡಿಯಲ್ಲಿ ಸಣ್ಣ ಅಕ್ಷರದ ಇನ್ನೊಂದು ಸಾಲಿತ್ತು, ತರನ್ನುಮ ಅದನ್ನು ಓದಿ ಹೇಳಿದಳು: "ಬಲ ಕೆಳಮೂಲೆಯಲ್ಲಿ ದೊರೆತ ಜೈವಿಕ ತ್ಯಾಜ್ಯವನ್ನು ವೈಜ್ಞಾನಿಕವಾಗಿ ತೆಗೆದುಹಾಕಲಾಗಿದೆ." ಆ ತ್ಯಾಜ್ಯ ಏನೆಂದು ತಮಗೆ ತಿಳಿಸುವುದು ನನ್ನ ಕರ್ತವ್ಯ. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಅದು ಹಸಿದಿದ್ದರೆ ಮೇಲೆ ಮಲಗಿದವರೂ ಹಸಿದೇ ಏಳುತ್ತಾರೆ. ಹಸಿವು ಕಂಡ ಹೆಂಗಸರು ಬಟ್ಟೆಗೂ ಉಣಿಸಿಯೇ ಮಗುವನ್ನು ಮಲಗಿಸಿದರು, ತಾವು ಚಿಮಟ ಹಿಡಿದು ಆ ತುತ್ತನ್ನು ಕಿತ್ತಿರಿ. ಉಡಚವ್ವ ಅಲ್ಲಿಯವರೆಗೂ ದನಿ ಏರಿಸಿರಲಿಲ್ಲ, ಆಮೇಲೂ ಏರಿಸಲಿಲ್ಲ. "ಹಂಗಾದ್ರ ನನ್ನ ಕೌದಿ ಆರು ವರ್ಷ ಉಪಾಸ ಐತಿ" ಎಂದಷ್ಟೇ ಹೇಳಿ ನೆಲದ ಮೇಲೆ ಕುಂತಳು.

ಆದ್ದರಿಂದ ತಮ್ಮ ದೊಡ್ಡ ಮನಸ್ಸಿನಲ್ಲಿ ಕೆಲವು ಸಣ್ಣ ಕೋರಿಕೆಗಳು. ಮೇಲ್ಮಹಡಿಯ ಬಣ್ಣದ ಹಲಗೆಯನ್ನು ಆರು ವರ್ಷದ ಮಟ್ಟಿಗೆ ತಿಳವಳ್ಳಿಗೆ ಕಳಿಸಿರಿ, ರೊಟ್ಟಿ ತಟ್ಟಲು ಬರುತ್ತದೋ ನೋಡುತ್ತೇವೆ, ಬದಲಿಗೆ ಆ ಹುಲಿಯ ರಗ್ಗು ತಮಗೆ ವಾಪಸು. ಅದರ ಫಲಕಕ್ಕೆ ಬೇಕಾದ ಶತಮಾನ ತಾವೇ ಆರಿಸಿಕೊಳ್ಳಿ. ಉಡಚವ್ವನ ಮನೆಯಲ್ಲಿ ಉಂಡ ಸಂಶೋಧಕರ ಹೊಟ್ಟೆಯಿಂದಲೂ ಆ ಜೈವಿಕ ತ್ಯಾಜ್ಯವನ್ನು ವೈಜ್ಞಾನಿಕವಾಗಿ ತೆಗೆಸಿರಿ. ಇನ್ನೆರಡು ತಿಂಗಳಲ್ಲಿ, ಎಳ್ಳಮಾಸಿಯ ಹೊತ್ತಿಗೆ, ಜಯಶ್ರೀ ಹಡೆಯುತ್ತಾಳೆ. ಅಷ್ಟರೊಳಗೆ ಕೌದಿ ಮನೆಗೆ ಬರದಿದ್ದರೆ ಕೂಸೇ ಕೌದಿಯ ಬಳಿಗೆ ಬರುತ್ತದೆ, ಅಜ್ಜಿ, ತಾಯಿ, ಕೇರಿಯ ನಲವತ್ತು ಹೆಂಗಸರ ಸಮೇತ. ಗೋಡೆಯಿಂದ ಇಳಿಸಿ ಅದರ ಮೇಲೆ ಮಲಗಿಸುತ್ತೇವೆ. ಆಗ ತಾವು ಮೊದಲು ಮಾಡಬೇಕಾದ ಕೆಲಸ, ಆ ಕೂಸಿನ ಹೆಸರು ಕೇಳುವುದು.

ತಮ್ಮ ಫಲಕಗಳನ್ನು ಅಕ್ಷರಕ್ಷರ ಓದಿದ, ಒಂದನ್ನೂ ನಂಬದ
ತಮ್ಮ ವಿಶ್ವಾಸಿ,
ಗುತ್ತೆಪ್ಪ, ಹಂಸಭಾವಿ

ತಾ.ಕ.: ಬಾಗಿಲಲ್ಲಿ ತಾವು ರೊಟ್ಟಿಯ ಗಂಟನ್ನು ಹಿಡಿದಿಟ್ಟುಕೊಂಡಿರಿ, ಸರಿ, ಆದರೆ ಉಡಚವ್ವನ ಸೆರಗಿನ ತುದಿಯಲ್ಲಿ ಕಟ್ಟಿದ್ದ ಒಂದು ಚೂರು ರೊಟ್ಟಿಯೂ ಕೊರಳದಾರಕ್ಕೆ ಸಿಕ್ಕಿಸಿದ್ದ ಸೂಜಿಯೂ ತಮ್ಮ ಯಂತ್ರಕ್ಕೆ ಕಾಣಲಿಲ್ಲ. ಬಲ ಕೆಳಮೂಲೆ ಈಗ ತುಂಬಿದೆ, ಹನ್ನೊಂದು ಹೊಲಿಗೆ ಹೆಚ್ಚಾಗಿವೆ. ಆ ಹೊತ್ತಿನಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಂತು, "ಲಗೂನ ಮುಗಸ್ರಿ ಯವ್ವಾ, ನಾನೂ ಕೌದಿ ಮ್ಯಾಲ ಹುಟ್ಟಿದಾಂವ" ಎಂದ ಕಾವಲುಗಾರ ಯಾರೆಂದು ತಾವು ವಿಚಾರಣೆ ಮಾಡುತ್ತೀರಿ. ಮಾತಿನ ಧಾಟಿಯ ಮೇಲೆ ಅವನನ್ನು ಹಿಡಿಯಲಾರಿರಿ, ತಮ್ಮ ಕಾವಲುಗಾರರೆಲ್ಲ ಶಿಗ್ಗಾವಿ, ಹಾನಗಲ್ ಕಡೆಯವರೇ. ಹಾಗಾಗಿ ತಮ್ಮ ಕಡತಕ್ಕೆ ತಮ್ಮದೇ ಮಾದರಿಯಲ್ಲಿ ಬರೆದು ಕೊಡುತ್ತೇನೆ. ಹೆಸರು: ಅಜ್ಞಾತ. ಊರು: ದಟ್ಟಾರಣ್ಯದಂಚು. ಕಾಲ: ಅಂದಾಜು ಹತ್ತೊಂಬತ್ತನೇ ಶತಮಾನ.