ಮಾವನ ಹೊಟ್ಟೆ, ನನ್ನ ಬಿ.ಕಾಂ.

ನಮ್ಮ ಸೋದರಮಾವನಿಗೆ ದೇವರ ಭಯವಿಲ್ಲ, ಪೊಲೀಸರ ಭಯವಿಲ್ಲ. ನನ್ನ ಬಿ.ಕಾಂ. ಡಿಗ್ರಿ ಕಂಡರೆ ಮಾತ್ರ ನಡುಗುತ್ತಾರೆ!

ನಗಬೇಡಿ. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ. ಬಳ್ಳಾರಿ ಕಡೆಯ ಹಳ್ಳಿಯಿಂದ ನನ್ನನ್ನು ವಿಜಯವಾಡಕ್ಕೆ ಕರೆತಂದು, ಅಲ್ಲಿನ ಒನ್ ಟೌನ್ ಪೇಟೆಯ ತಮ್ಮ ಒಂದೂವರೆ ಕೋಣೆಯ ಮನೆಯಲ್ಲಿಟ್ಟುಕೊಂಡು ಓದಿಸಿದವರು ಇವರೇ. ಅವರದು ಮೆಣಸಿನಕಾಯಿ ಮಂಡಿಯಲ್ಲಿ ಮೂಟೆ ತೂಗುವ ಕೆಲಸ. ಪರೀಕ್ಷೆಯ ದಿನ ಕಾಲೇಜಿನ ಗೇಟಿನ ಹೊರಗೆ ಮೂರು ಗಂಟೆ ನಿಂತೇ ಇರುತ್ತಿದ್ದರು, ಚಹಾಕ್ಕೂ ಹೋಗದೆ. ರಿಸಲ್ಟ್ ಬಂದ ದಿನದಿಂದ ಮನುಷ್ಯ ಬದಲಾದರು. ನನ್ನೆದುರು ಆಕಳಿಸುವುದಿಲ್ಲ, ಕಾಲು ಚಾಚುವುದಿಲ್ಲ. ತೇಗು ಬಂದರೆ ಊಟದ ನಡುವೆ ಎದ್ದು, ಬೀದಿಗೆ ಹೋಗಿ ತೇಗಿ ಬರುತ್ತಾರೆ! ಗ್ರಾಜುಯೇಟ್ ಮುಂದೆ ತೇಗುವುದುಂಟೇ?

ಇಂಥವರ ಕರುಳು ಕಳೆದ ವರ್ಷ ಕೈಕೊಟ್ಟಿತು. ಡಾಕ್ಟರು ಕರುಳಿನ ತುದಿಯನ್ನು ಹೊಟ್ಟೆಯ ಎಡಗಡೆಯಿಂದ ಹೊರಕ್ಕೆ ತಿರುಗಿಸಿ, ಅಲ್ಲೊಂದು ಮಲದ ಚೀಲ ಅಂಟಿಸಿದರು. ಆ ಚೀಲಕ್ಕೆ ಡಿಗ್ರಿಯ ಗೌರವ ಎಲ್ಲಿಂದ ಬರಬೇಕು? ನಾನು ಎದುರಿಗೆ ಕೂತಾಗಲೇ ಪುರ್ರೆನ್ನುತ್ತಿತ್ತು. ಮಾವ ಕಿಟಕಿಯ ಕಡೆ ನೋಡಿ, "ಸ್ಕೂಟರ್ ಹೋತು ನೋಡಮ್ಮ" ಅನ್ನುವರು. ಎಂಟು ತಿಂಗಳಲ್ಲಿ ಆ ಗಲ್ಲಿಯಲ್ಲಿ ಎಷ್ಟು ಸ್ಕೂಟರ್ ಓಡಾಡಿದವೋ! ಅವರಿಗಿದ್ದ ಆಸೆ ಒಂದೇ: ಚೀಲವಿಲ್ಲದೆ ಮಂಡಿಗೆ ಹೋಗಬೇಕು.

ಕರುಳನ್ನು ಮತ್ತೆ ಜೋಡಿಸುವ ಆಪರೇಷನ್ ವಿಶಾಖಪಟ್ಟಣದಲ್ಲಿ ಆಯಿತು. ನಾನೀಗ ಅಲ್ಲೇ ಹತ್ತಿರದ ಪೆಂಡುರ್ತಿಯಲ್ಲಿದ್ದೇನೆ, ಬ್ಯಾಂಕಿನ ಕೆಲಸ. ಗಾಳಿ ಹೋಗುವವರೆಗೆ ಬಾಯಿಗೆ ಏನೂ ಇಲ್ಲ, ಹೋದರೆ ಕರುಳು ಎಚ್ಚೆತ್ತ ಹಾಗೆ ಎಂದರು ಡಾಕ್ಟರು. ನಾನು ರಜೆ ಹಾಕಿ, ಆಸ್ಪತ್ರೆಯ ಫೈಲು ಹಿಡಿದು, ಮಂಚದ ಪಕ್ಕ ಅಲುಗದೆ ಕೂತೆ. ನರ್ಸ್ ದಿನಾ ಬಂದು "ಗ್ಯಾಸ್ ಪೋಯಿಂದಾ?", ಗಾಳಿ ಹೋಯಿತಾ, ಎಂದು ತೆಲುಗಿನಲ್ಲಿ ಕೇಳುವಳು. ಮಾವ ಫ್ಯಾನ್ ನೋಡುವರು. ಎರಡು ದಿನ, ಮೂರು ದಿನ. ನಾಲ್ಕನೇ ದಿನ ಹೊಟ್ಟೆ ತಮಟೆಯಂತೆ ಬಿಗಿಯಿತು. ಡಾಕ್ಟರ ಮುಖದಲ್ಲಿ ನಗುವಿರಲಿಲ್ಲ. ಮಧ್ಯಾಹ್ನ ಸ್ಕ್ಯಾನ್, ಕರುಳು ಜೋಡಿಸಿದ ಕಡೆ ಹೊಲಿಗೆ ಬಿಟ್ಟಿದ್ದರೆ ಮತ್ತೆ ಹೊಟ್ಟೆ ತೆರೆಯಬೇಕು, ಮತ್ತೆ ಚೀಲ ಎಂದರು. ಒಪ್ಪಿಗೆ ಫಾರಮ್ಮಿನ ಇಂಗ್ಲಿಷನ್ನು ಎರಡು ಸಲ ಓದಿದೆ. ಎಲ್ಲಾ ಅರ್ಥವಾಯಿತು. ಅದೇ ಕಷ್ಟವಾಯಿತು.

ಆಗ ನಮ್ಮ ಅತ್ತೆ, ಅವರು ತೆಲುಗಿನವರು, ತೋಳು ಹಿಡಿದು ನನ್ನನ್ನು ಬಾಗಿಲ ಬಳಿಗೆ ಕರೆದೊಯ್ದರು. "ಅಮ್ಮಾಯೀ, ನೀನು ಹೊರಗಡೆ ಕೂತ್ಕೋ. ನೀನು ಪಕ್ಕದಲ್ಲಿದ್ರೆ ನಿಮ್ಮ ಮಾವಯ್ಯ ಪ್ರಾಣ ಬಿಟ್ಟಾರು, ಅದನ್ನ ಬಿಡಲ್ಲ."

ನಾಲ್ಕು ದಿನದಿಂದ ಅಡ್ಡ ಕೂತಿದ್ದವಳು ನಾನೇ!

ವರಾಂಡದ ಬೆಂಚಿನಲ್ಲಿ ಕೂತೆ. ಹತ್ತು ನಿಮಿಷ, ಇಪ್ಪತ್ತು. ಚಹಾಕ್ಕೂ ಏಳಲಿಲ್ಲ. ಕಾಲೇಜಿನ ಗೇಟು ನೆನಪಾಯಿತು. ಮುಕ್ಕಾಲು ಗಂಟೆಯಾಗಿರಬೇಕು, ಮುಚ್ಚಿದ ಬಾಗಿಲ ಒಳಗಿಂದ ಬಂತು. ಏನೆಂದು ಹೇಳಲಿ! ಎದುರಿನ ಬೆಂಚಿನವರೆಲ್ಲ ಪೇಪರಿನಿಂದ ತಲೆ ಎತ್ತಿದರು.

ಒಳಗೆ ಹೋದಾಗ ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಹೊರಗೆ ಕೇಳಿಸ್ತೇನಮ್ಮ?"

"ಏನು ಮಾವ? ಸ್ಕೂಟರ್ ಹೋತಲ್ಲ, ಅದಾ?"

ನಾವಿದ್ದದ್ದು ಮೂರನೇ ಮಹಡಿ.

ಡಾಕ್ಟರು ಬಂದು ಹೊಟ್ಟೆ ಮುಟ್ಟಿ, ಸ್ಕ್ಯಾನ್ ಸದ್ಯಕ್ಕೆ ಬೇಡ ಎಂದರು. ಸಂಜೆ ಗಂಜಿಯ ತಿಳಿಯನ್ನು ನಾನೇ ಕುಡಿಸಿದೆ. ಮೂರನೇ ಚಮಚಕ್ಕೆ ಮಾವ ನನ್ನ ಕೈ ಹಿಡಿದು ಗಟ್ಟಿಯಾಗಿ ತೇಗಿದರು. ಎದ್ದು ಬೀದಿಗೆ ಹೋಗಲು ಕಾಲಲ್ಲಿ ಶಕ್ತಿಯಿಲ್ಲ, ಅದಕ್ಕೇ ಎಂದರು ಅತ್ತೆ. ಇರಬಹುದು. ಹಿಡಿದ ಕೈಯನ್ನಂತೂ ಅವರು ಬಿಡಲಿಲ್ಲ.